ಸೇತುವೆ ಬರುವತನಕ ಜಗಳ

ತೊರೆಮತ್ತಿ ಹಾಡಿ,
ಹನಗೋಡು ಹೋಬಳಿ, ಹುಣಸೂರು ತಾಲ್ಲೂಕು
17 ನವೆಂಬರ್ 2024, ಭಾನುವಾರ

ಪ್ರೀತಿಯ ನಿಖತ್,

ನೀನೂ ನಿಮ್ಮ ಯಜಮಾನರೂ ಚೆನ್ನಾಗಿದ್ದೀರಿ, ಪುಟ್ಟ ತಾಹಾಗೆ ಹಲ್ಲು ಬಂದಿದೆ ಎಂದು ನಂಬಿಕೊಂಡು ಶುರು ಮಾಡುತ್ತಿದ್ದೇನೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾಯಿತು. ಬೈಯಬೇಕೆನಿಸಿದರೆ ಬೈದುಕೋ, ಮುನಿಸಿಕೊಳ್ಳಬೇಡ. ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದು ಹಾಕಿದೆ. ಫೋನು ಮಾಡೋಣವೆಂದರೆ ನಮ್ಮ ಹಾಡಿಯಲ್ಲಿ ಟವರ್ ಸಿಗುವುದು ನೀರಿನ ಟ್ಯಾಂಕಿನ ಪಕ್ಕ ಮಾತ್ರ. ಅಲ್ಲಿ ನಿಂತು ಆಡಿದ ಮಾತು ಅರ್ಧ ಹಾಡಿಗೆ ಕೇಳಿಸುತ್ತದೆ. ಇದು ಹಾಗೆ ಕೇಳಿಸುವ ವಿಷಯ ಆಗಿರಲಿಲ್ಲ. ಆಮೇಲೆ ಇಡೀ ಹಾಡಿಗೇ ಕೇಳಿಸಿತು, ಅದು ಬೇರೆ ಮಾತು.

ಹೋದ ತಿಂಗಳು ಅಂಗನವಾಡಿ ಮೀಟಿಂಗಿಗೆಂದು ಹುಣಸೂರಿಗೆ ಹೋದಾಗ ನಿಮ್ಮ ಅಬ್ಬಾನ ಟೈಲರ್ ಅಂಗಡಿಗೆ ಹೋಗಿದ್ದೆ. ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆ, ಸೂಜಿಗೆ ತಾವೇ ದಾರ ಪೋಣಿಸುತ್ತಾರೆ. "ನಿಖತ್ ಫೋನಲ್ಲಿ ಬರೀ ಹಾಂ ಹಾಂ ಅಂತಾಳೆ ಬೇಟಿ, ನೀನು ಬರೆದ್ರೆ ಮಾತ್ರ ನಾಲ್ಕು ಪೇಜ್ ಬರೀತಾಳೆ," ಎಂದು ದೂರಿದರು. ನಾವು ಕಾಲೇಜಿನಲ್ಲಿದ್ದಾಗ ನನ್ನ ರವಿಕೆ ಹೊಲಿದು ಕೊಡುತ್ತಿದ್ದಂತೆ ಈಗಲೂ ಹೊಲಿದು ಕೊಟ್ಟರು. ಅವರಿಗೆ ಆಗಾಗ ಫೋನು ಮಾಡು.

ಈಗ ವಿಷಯಕ್ಕೆ ಬರುತ್ತೇನೆ. ನೀನು ಕೊಟ್ಟ ಬುದ್ಧಿಮಾತು ನನಗೆ ಬಾಯಿಪಾಠವಾಗಿದೆ: "ಮನಸ್ಸಿಗೆ ಹಿಡಿಸಿದವನ ಹತ್ತಿರ ವೋಟಿನ ಮಾತು ಎತ್ತಬೇಡ ಕಣೇ. ಎತ್ತಿದರೆ ಒಂದೋ ಊಟ ಕೆಡುತ್ತೆ, ಇಲ್ಲ ನಿದ್ದೆ ಕೆಡುತ್ತೆ." ಚುನಾವಣೆಯ ದಿನ ನೀವಿಬ್ಬರೂ ಒಂದೇ ಸ್ಕೂಟರಿನಲ್ಲಿ ಹೋಗಿ ಬೇರೆ ಬೇರೆ ಗುಂಡಿ ಒತ್ತಿ, ಬರುವಾಗ ಕೆ.ಆರ್. ನಗರದ ಬಸ್‌ಸ್ಟ್ಯಾಂಡಿನಲ್ಲಿ ಕಬ್ಬಿನ ಹಾಲು ಕುಡಿದು ಬಂದಿರಿ ಎಂದು ಬರೆದಿದ್ದೆಯಲ್ಲ, ಓದಿ ಎಷ್ಟು ನಕ್ಕೆನೋ. ನನಗೆ ಹಾಗೆ ಮಾಡಲು ಆಗಲಿಲ್ಲ ನಿಖತ್. ನಿಮ್ಮ ಜಗಳ ಐದು ವರ್ಷಕ್ಕೊಮ್ಮೆ ಬಂದು ಹೋಗುತ್ತದೆ. ನಮ್ಮಿಬ್ಬರ ಜಗಳ ನನ್ನ ಮನೆಯ ಒಲೆ ಎಲ್ಲಿರಬೇಕು ಅನ್ನುವುದರ ಮೇಲೆ.

ಅವನ ಹೆಸರು ರಮೇಶ್ ಎಂದಷ್ಟೇ ಹೋದ ಕಾಗದದಲ್ಲಿ ಬರೆದಿದ್ದೆ. ಅವನೂ ನಮ್ಮ ಜೇನುಕುರುಬರ ಹುಡುಗನೇ. ಅವನಿಗೆ ಆರು ವರ್ಷವಿದ್ದಾಗ ಅವರ ಹಾಡಿಯವರನ್ನೆಲ್ಲ ಕಾಡಿನಿಂದ ಹೊರಗೆ ತಂದು ಹೊಸಗದ್ದೆ ಕಾಲೊನಿಯಲ್ಲಿ ಇಟ್ಟರು. ಲಕ್ಷ್ಮಣತೀರ್ಥ ದಾಟಿ, ಹನಗೋಡಿನಿಂದಲೂ ಆಚೆಗೆ. ಈಗ ಒಂದು ಟ್ರಸ್ಟಿನ ಆರೋಗ್ಯ ವ್ಯಾನ್ ಓಡಿಸುತ್ತಾನೆ. ಪ್ರತಿ ಗುರುವಾರ ನರ್ಸಮ್ಮನನ್ನು ಕೂರಿಸಿಕೊಂಡು ನಮ್ಮ ಹಾಡಿಗೆ ಬರುತ್ತಾನೆ. ಡ್ರೈವರ್ ಆದವನು ಗಾಡಿ ನಿಲ್ಲಿಸಿ ಬೀಡಿ ಸೇದಿಕೊಂಡು ಕೂರಬಹುದು. ಇವನು ಕೂರುವುದಿಲ್ಲ. ಮುದುಕಿಯರ ಕೈ ಹಿಡಿದು ಕರೆತರುತ್ತಾನೆ, ಮಾತ್ರೆ ಯಾವ ಹೊತ್ತಿಗೆ ನುಂಗಬೇಕೆಂದು ನಮ್ಮ ಮಾತಿನಲ್ಲೇ ಹೇಳುತ್ತಾನೆ, ಅಂಗನವಾಡಿ ಮಕ್ಕಳನ್ನು ತೂಕದ ಜೋಲಿಯಲ್ಲಿ ಕೂರಿಸುವಾಗ ಆನೆಯ ಹಾಗೆ ಕೂಗುತ್ತಾನೆ. ಯಾವ ಮಗುವೂ ಅಳುವುದಿಲ್ಲ. ಗುರುವಾರ ಬೆಳಗ್ಗೆ ನಾನು ಎರಡು ಸಲ ತಲೆ ಬಾಚಿಕೊಳ್ಳುತ್ತಿದ್ದೆ. ಅವ್ವ ನೋಡಿ, "ಇವತ್ಯಾರು, ಡೀಸಿ ಸಾಹೇಬ್ರು ಬತ್ತಾರಾ?" ಎಂದಳು.

ಇಷ್ಟು ಒಳ್ಳೆಯವನಿಗೆ ಒಂದೇ ಒಂದು ಹಟ. ಕಾಡಿನಂಚಿನ ಹಾಡಿಗಳೆಲ್ಲ ಹೊರಗೆ ಬರಬೇಕು, ನಮ್ಮದೂ ಬರಬೇಕು. ಮನೆ ಕಟ್ಟಿಕೊಡುತ್ತಾರೆ, ಹೊಲ ಕೊಡುತ್ತಾರೆ, ಕರೆಂಟು, ರಸ್ತೆ, ಸ್ಕೂಲು ಇದೆ, ಬನ್ನಿ ಎನ್ನುತ್ತಾನೆ. ನಾನೋ ಎರಡು ವರ್ಷದಿಂದ ಹಾಡಿಯ ಅರಣ್ಯ ಹಕ್ಕು ಸಮಿತಿಯ ಕಾರ್ಯದರ್ಶಿ. ನಮ್ಮ ಅಜ್ಜಂದಿರ ಸಮಾಧಿ ಎಲ್ಲಿವೆ, ಜೇನುಮರ ಯಾವುವು, ಗೆಣಸು ಅಗೆಯುವ ಜಾಗ ಯಾವುದು ಎಂದು ನಕ್ಷೆ ಬರೆದು ಅರ್ಜಿ ಹಾಕಿದವಳು ನಾನೇ. ನಮಗೆ ಬೇಕಾದ ರಸ್ತೆ, ಕರೆಂಟು ನಾವಿರುವಲ್ಲಿಗೇ ಬರಲಿ ಎನ್ನುವವಳು.

ಗುರುವಾರ ಅವನು ವಾಪಸು ಹೋಗುವಾಗ ನಾನು ರಿಪೋರ್ಟು ಕೊಡಲು ಹನಗೋಡಿನವರೆಗೆ ಅದೇ ವ್ಯಾನಿನಲ್ಲಿ ಹೋಗುತ್ತಿದ್ದೆ. ನರ್ಸಮ್ಮ ಹಿಂದಿನ ಸೀಟಿನಲ್ಲಿ. ಮೊದಲ ದಿನವೇ ಜಗಳ ಶುರುವಾಯಿತು.

"ಟೀಚರಮ್ಮ, ನೀವು ಓದಿರೋದು ಎಲ್ಲಿ?" ಎಂದ.

"ಹುಣಸೂರಲ್ಲಿ, ಆಸ್ಟೆಲಲ್ಲಿದ್ದು."

"ಅಂದ್ರೆ ನೀವು ಕಾಡಿಂದ ಈಚೆ ಬಂದು ಓದಿದ್ರಿ. ನಿಮ್ ಹಾಡಿ ಮಕ್ಳು ಮಾತ್ರ ಅಲ್ಲೇ ಇರ್ಬೇಕು."

ನನಗೆ ಮೈ ಉರಿದು ಹೋಯಿತು. "ನಾನು ಓದಿ ವಾಪಸ್ ಬಂದೆ ಕಣ್ರೀ. ನಿಮ್ ಕಾಲೊನಿಯಿಂದ ವಾಪಸ್ ಬರೋ ದಾರಿ ಐತಾ?"

ಅವನು ಗೇರ್ ಬದಲಿಸಿದ. "ನಮ್ಮಪ್ಪ ಕಾಡ ನೆನ್ಕೊಂಡು ಅತ್ಕೊಂಡೇ ಸತ್ತ. ನಾನು ಅದೇ ಮನೇಲಿ ಲೈಟ್ ಕೆಳ್ಗೆ ಕೂತು ಎಸ್ಸೆಲ್ಸಿ ಪಾಸ್ ಮಾಡ್ದೆ. ಎರಡೂ ನಿಜ. ನೀವು ಒಂದ್ನೇ ಏಳ್ತೀರ," ಎಂದ.

ಉತ್ತರ ಹೊಳೆಯದಂತೆ ಮಾತಾಡುವವನನ್ನು ಕಂಡರೆ ನನಗೆ ಎಷ್ಟು ಸಿಟ್ಟು ಬರುತ್ತದೆಂದು ನಿನಗೆ ಗೊತ್ತು. ಆ ಸಿಟ್ಟಿನೊಳಗೇ ಇನ್ನೊಂದು ಇತ್ತೆಂದು ನನಗೆ ಗೊತ್ತಾಗಲು ನಾಲ್ಕು ಗುರುವಾರ ಹಿಡಿಯಿತು.

ಐದನೆಯ ಗುರುವಾರ ನರ್ಸಮ್ಮನೇ ರೇಗಿದರು. "ನಿಮ್ಮಿಬ್ರ ಗಲಾಟೇಲಿ ನಂಗೆ ತಲೆನೋವು ಬತ್ತದೆ. ಲಕ್ಷ್ಮಣತೀರ್ಥದ ಸೇತುವೆ ಗಂಟ ಜಗಳ ಆಡಿ. ಸೇತುವೆ ದಾಟಿದ್ ಮ್ಯಾಲೆ ರಾಜಕೀಯ ಆಡಿದ್ರೆ ಇಬ್ರಿಗೂ ಇಂಜೆಕ್ಷನ್." ಅಂದಿನಿಂದ ಅದೇ ಕಾನೂನಾಯಿತು. ಸೇತುವೆಯ ಈಚೆ ಹಕ್ಕುಪತ್ರ, ಪುನರ್ವಸತಿ, ಆ ಪಕ್ಷ, ಈ ಪಕ್ಷ. ಪಂಚಾಯ್ತಿ ಚುನಾವಣೆಯಲ್ಲಿ ಅವನು ಯಾರ ಶಾಲು ಹೊದ್ದಿದ್ದ ಎಂದು ನಾನು ಕೆಣಕುವುದು, ನಾವು ಧರಣಿ ಕೂತಾಗ ಶಾಮಿಯಾನ ಯಾರು ಕೊಟ್ಟರು ಎಂದು ಅವನು ಕೆಣಕುವುದು. ಗಾಡಿ ಸೇತುವೆ ದಾಟಿದೊಡನೆ ಇಬ್ಬರೂ ಬಾಯಿ ಮುಚ್ಚಿ, ಆಮೇಲೆ ಬೇರೆ ಮಾತು. ಅವನಿಗೆ ಏಡಿ ಸಾರು ಇಷ್ಟ, ಕತ್ತಲೆಂದರೆ ಭಯ, ಈಗಲೂ ಅಂತೆ! ಕಾಡಿನ ಹುಡುಗನಿಗೆ ಕತ್ತಲೆ ಭಯ.

ಅಂಥ ಒಂದು ದಿನ, ಸೇತುವೆ ದಾಟಿದ ಮೇಲೆ, ನರ್ಸಮ್ಮ ರಜೆಯಲ್ಲಿದ್ದಾಗ, ನಮ್ಮಕ್ಕ ಮುತ್ತಿಯ ವಿಷಯ ಹೇಳಿದೆ. ನಿನಗೂ ಅರ್ಧವೇ ಗೊತ್ತು ನಿಖತ್. ನಾಲ್ಕು ವರ್ಷದ ಹಿಂದೆ ಅವಳು ಹೆರಿಗೆ ನೋವಿನಲ್ಲಿ ಕಾಡಿನ ಗೇಟಿನ ಹತ್ತಿರ ತೀರಿಕೊಂಡಳು, ಮಗುವೂ ಉಳಿಯಲಿಲ್ಲ ಎಂದಷ್ಟೇ ನಿನಗೆ ಹೇಳಿದ್ದೆ. ಸಂಜೆ ಆರಕ್ಕೆ ಅರಣ್ಯ ಇಲಾಖೆಯವರು ಗೇಟು ಹಾಕುತ್ತಾರೆ. ನಾವು ಜೀಪು ತಂದಾಗ ಏಳಾಗಿತ್ತು. ಬೀಗದ ಕೈ ಇದ್ದವನನ್ನು ಹುಡುಕಿ ತರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಯಾರಿಗೂ ಹೇಳದ ಉಳಿದರ್ಧ ಇದು: ದಿನ ತುಂಬುವ ಹತ್ತು ದಿನ ಮೊದಲೇ ಹೊಸಗದ್ದೆ ಕಾಲೊನಿಯಲ್ಲಿರುವ ನಮ್ಮ ಚಿಕ್ಕವ್ವನ ಮನೆಗೆ ಹೋಗಿ ಇರು, ಅಲ್ಲಿಂದ ಆಸ್ಪತ್ರೆ ಹತ್ತಿರ ಎಂದು ಆಗಿನ ನರ್ಸು ಮುತ್ತಿಗೆ ಹೇಳಿದ್ದರು. ಬೇಡ ಎಂದವಳು ನಾನು. ಆಗಷ್ಟೇ ಬಿ.ಎ. ಮುಗಿಸಿ ಬಂದಿದ್ದೆ, ಮೈತುಂಬ ಹೋರಾಟ. "ನಾವ್ಯಾಕೆ ಅವರ ಕಾಲೊನಿಗೆ ಹೋಗಿ ಹೆರಬೇಕು? ಆಂಬುಲೆನ್ಸ್ ಇಲ್ಲಿಗೇ ಬರಬೇಕು, ಅದು ನಮ್ಮ ಹಕ್ಕು," ಎಂದೆ. ಅಕ್ಕ ನನ್ನ ಮಾತು ಕೇಳಿದಳು.

ಇದನ್ನು ಕೇಳಿ ರಮೇಶ್ ಗಾಡಿ ಬದಿಗೆ ಹಾಕಿದ. ನಾನು ಅತ್ತು ಮುಗಿಸುವ ತನಕ ಸ್ಟೀರಿಂಗ್ ಹಿಡಿದುಕೊಂಡು ಕೂತಿದ್ದ. ಆಮೇಲೆ, "ಇದ ನನ್ನತ್ರ ಇಟ್ಕೋತೀನಿ," ಎಂದ. ಅಷ್ಟೇ.

ಹೋದ ಭಾನುವಾರ ಗ್ರಾಮಸಭೆ ಇತ್ತು. ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲು ಶುರುವಾದರೆ ಹಾಡಿ ಅರ್ಧ ಖಾಲಿಯಾಗುತ್ತದೆ, ಅಷ್ಟರೊಳಗೆ ಮುಗಿಸಬೇಕೆಂದು ಹಾಡಿಯ ಯಜಮಾನ ಸಣ್ಣಜ್ಜ ಗೊತ್ತು ಮಾಡಿದ್ದ. ಹೋಗುವವರು ಯಾರು, ಉಳಿಯುವವರು ಯಾರು, ಹದಿನೆಂಟು ದಾಟಿದ ಪ್ರತಿಯೊಬ್ಬರದೂ ಬೇರೆ ಬೇರೆ ಸಹಿ ಆಗಬೇಕು. ಅದರ ಹಿಂದಿನ ಗುರುವಾರ ರಮೇಶ್ ವ್ಯಾನಿನ ಬಾಗಿಲ ಹತ್ತಿರ ನಿಂತು, "ಭಾನುವಾರ ನಾನು ಕಾಲೊನಿ ಕಡೆಯಿಂದ ಮಾತಾಡ್ತೀನಿ. ಮೊದ್ಲೇ ಏಳ್ತಾ ಇದೀನಿ," ಎಂದ.

"ನಾನೂ ಮಾತಾಡ್ತೀನಿ."

"ಮತ್ತೆ! ನಾನ್ ಅಲ್ಲಿದೀನಿ ಅಂತ ಒಂದ್ ಮಾತೂ ಕಮ್ಮಿ ಮಾಡ್ಬೇಡಿ."

ಸುಳ್ಳೇಕೆ ಹೇಳಲಿ, ಕಮ್ಮಿ ಮಾಡೋಣವೆಂದು ನಾನು ಯೋಚಿಸಿದ್ದೆ. ಎರಡು ದಿನ ಯೋಚಿಸಿದ್ದೆ. ಸಣ್ಣಜ್ಜನೇ ಮಾತಾಡಲಿ, ನಾನು ಬರೀ ನಡಾವಳಿ ಬರೆದುಕೊಂಡು ಕೂರೋಣ, ಅವನ ಮುಖ ಮುರಿಯುವುದು ತಪ್ಪುತ್ತದೆ ಎಂದು. ನಿನ್ನ ಬುದ್ಧಿಮಾತೂ ನೆನಪಾಗಿತ್ತು. ಅವನು ಹಾಗೆಂದ ಮೇಲೆ ಆ ಯೋಚನೆಗೇ ನಾಚಿಕೆಯಾಯಿತು.

ಸಭೆ ಅಂಗನವಾಡಿ ಮುಂದಿನ ಮರದಡಿ. ಕಾಲೊನಿಯಿಂದ ರಮೇಶ್ ಬಂದಿದ್ದ, ಪಕ್ಕದೂರಿನಿಂದ ಪಂಚಾಯ್ತಿ ಮೆಂಬರ್ ಮಹೇಶ್‌ಕುಮಾರ್ ಬಂದಿದ್ದರು. ಮೆಂಬರಿಗೆ ನಾವು ಬೇಗ ಖಾಲಿಯಾದರೆ ಸಾಕು ಎಂಬ ಅವಸರ. ರಮೇಶ್ ಚೆನ್ನಾಗಿ ಮಾತಾಡಿದ ನಿಖತ್. ಯಾರನ್ನೂ ಹೆದರಿಸಲಿಲ್ಲ. ಕಾಲೊನಿಯ ಹೊಲದಲ್ಲಿ ಮೊದಲ ಎರಡು ವರ್ಷ ಏನೂ ಬೆಳೆಯಲಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. "ಕಷ್ಟ ಐತೆ. ಆದ್ರೆ ರಾತ್ರಿ ಮಗೀಗೆ ಜ್ವರ ಬಂದ್ರೆ ಯಾರ್ ಕಾಲೂ ಇಡೀಬೇಕಾಗಿಲ್ಲ," ಎಂದ. ಹೆಂಗಸರು ತಲೆಯಾಡಿಸಿದರು. ನಾನು ಎದ್ದು ನಕ್ಷೆ ತೋರಿಸಿ, ಅರ್ಜಿ ಎಲ್ಲಿಗೆ ಬಂದಿದೆ ಎಂದು ಹೇಳಿ, ಇರುವಲ್ಲೇ ಇರುವ ಹಕ್ಕು ಕಾನೂನಿನಲ್ಲಿದೆ ಎಂದು ಓದಿ ಹೇಳಿದೆ. ಗಂಡಸರು ತಲೆಯಾಡಿಸಿದರು. ತಕ್ಕಡಿ ಸಮವಾಗಿತ್ತು.

ಆಗ ಮೆಂಬರು ಕುರ್ಚಿಯಿಂದಲೇ ಕೂಗಿದರು. "ಕಾನೂನು ಇರ್ಲಿ ಕಣಮ್ಮ. ನಿಮ್ಮಕ್ಕ ಎಂಗೆ ಸತ್ಲು, ಅದ ಏಳು ಸಬೇಲಿ!"

ಅವ್ವ ಮುಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ನಾನು ರಮೇಶನ ಕಡೆ ನೋಡಿದೆ. ನನ್ನನ್ನು ಮುಗಿಸುವ ಮಾತು ಅವನ ಹತ್ತಿರ ಇತ್ತಲ್ಲ. ಒಂದೇ ವಾಕ್ಯ ಸಾಕಿತ್ತು: ಇವಳ ಮಾತು ಕೇಳಿ ಇವಳ ಅಕ್ಕ ಸತ್ತಳು, ನೀವೂ ಕೇಳುತ್ತೀರಾ? ಅಷ್ಟು ಅಂದಿದ್ದರೆ ಇಡೀ ಹಾಡಿ ಅವನ ಹಿಂದೆ ಹೊರಟಿರುತ್ತಿತ್ತು.

ಅವನು ಎದ್ದು ನಿಂತ. ಮೆಂಬರಿಗೆ ಕೈ ಮುಗಿದ. "ಅದ್ ಬ್ಯಾಡಿ ಸಾ. ನಾವು ಗೆಲ್ಲೋದಾದ್ರೆ ಬದ್ಕಿರೋರ್ ಮಾತಲ್ಲಿ ಗೆಲ್ಲುವ. ಸತ್ತೋಳ್ನ ಸಬೆಗೆ ತರ್ಬೇಡಿ," ಎಂದ.

ಮೆಂಬರಿನ ಮುಖ ಕೆಂಪಾಯಿತು. "ಲೇ, ನೀನ್ಯಾರ್ ಕಡೆಯವ್ನ್ಲಾ?"

"ನಿಮ್ ಕಡೆಯವ್ನೇ ಸಾ. ಅದುಕ್ಕೇ ಏಳ್ತಿರೋದು."

ನಿಖತ್, ಆ ಗಳಿಗೆಯಲ್ಲಿ ನನಗಾದ ಹೆಮ್ಮೆಯನ್ನು ಹೇಗೆ ಬರೆಯಲಿ? ನನ್ನ ಎದುರಾಳಿಯ ಬಗ್ಗೆ ನನಗೆ ಹೆಮ್ಮೆ. ಅವನು ಕಾಪಾಡಿದ ಗುಟ್ಟಿನ ಹಿಂದೆ ನಾನು ಅಡಗಿ ಕೂರಬಾರದು ಅನ್ನಿಸಿತು. ಕೈಯಲ್ಲಿದ್ದ ಕಾಗದ ಮಡಿಸಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ನರ್ಸು ಹೇಳಿದ್ದು, ನಾನು ಬೇಡವೆಂದದ್ದು, ಅಕ್ಕ ಉಳಿದದ್ದು, ಎಲ್ಲ.

"ಆ ತಪ್ಪು ನಂದು," ಎಂದೆ. "ಸಾಯೋಗಂಟ ನಂದೇ. ಆದ್ರೆ ಗೇಟು ನಂದಲ್ಲ. ಆ ಬೀಗ ನಾನು ಆಕಿದ್ದಲ್ಲ. ಮುತ್ತಿ ಕಾಡಲ್ಲಿದ್ದುದಕ್ಕೆ ಸಾಯ್ಲಿಲ್ಲ, ಗೇಟ್ ತೆಗೀದೆ ಇದ್ದುದಕ್ಕೆ ಸತ್ಲು. ಅದುಕ್ಕೆ ನಮ್ಮನ್ನ ಕಿತ್ತು ಬ್ಯಾರೆ ಕಡೆ ನೆಡೋದ್ಯಾಕೆ? ಗೇಟ್ ತೆಗೀರಿ. ಕಾಯಿಲೆಯವ್ರು, ಬಸುರೀರು ಯಾವೊತ್ತು ಬಂದ್ರೂ ತೆಗೀಬೇಕು. ಇವತ್ತಿನ ಮೊದಲ್ನೇ ಠರಾವು ಅದೇ ಬರ್ಕೋತೀನಿ. ಓಗೋರು ಓಗಿ, ಇರೋರು ಇರಿ. ಎದ್ರಿಕೊಂಡು ಮಾತ್ರ ಯಾರೂ ಓಗ್ಬೇಡಿ."

ಸಣ್ಣಜ್ಜ ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟ. "ಬರ್ಕೊಳವ್ವ," ಎಂದ. ಗೇಟಿನ ಠರಾವಿಗೆ ಕೈ ಎತ್ತದವರು ಹಾಡಿಯಲ್ಲಿ ಒಬ್ಬರೂ ಇರಲಿಲ್ಲ. ರಮೇಶ್ ಹೊರಗಿನವನು, ಅವನ ಕೈಗೆ ಲೆಕ್ಕವಿಲ್ಲ. ಆದರೂ ಎತ್ತಿದ. ಆಮೇಲೆ ಒಬ್ಬೊಬ್ಬರಾಗಿ ಸಹಿ ಹಾಕಿದರು. ಎಂಬತ್ತಾರು ಜನ ಇಲ್ಲೇ ಇರುತ್ತೇವೆ ಎಂದರು, ಮೂವತ್ತನಾಲ್ಕು ಜನ ಹೋಗುತ್ತೇವೆ ಎಂದರು. ನಾವು ಗೆದ್ದೆವು ನಿಖತ್. ಠರಾವಿನ ಪ್ರತಿಯನ್ನು ಮಂಗಳವಾರ ಹುಣಸೂರಿನ ಅರಣ್ಯ ಇಲಾಖೆ ಕಚೇರಿಗೆ ಹೋಗಿ ನಾನೇ ಕೊಟ್ಟು, ಸೀಲು ಹಾಕಿಸಿಕೊಂಡು ಬಂದೆ. ಗೇಟಿಗೆ ರಾತ್ರಿ ಒಬ್ಬ ಮನುಷ್ಯನನ್ನು ಕೂರಿಸುತ್ತೇವೆ ಎಂದು ಬಾಯಿಮಾತಿನಲ್ಲಿ ಒಪ್ಪಿದ್ದಾರೆ. ಬರವಣಿಗೆಯಲ್ಲಿ ಬರುವ ತನಕ ನಾನು ಬಿಡುವವಳಲ್ಲ.

ಸಭೆ ಮುಗಿದ ಮೇಲೆ ರಮೇಶ್ ಚಾಪೆ ಸುತ್ತಿಡಲು ಕೈ ಹಾಕಿದ. "ಚೆಂದಾಗಿ ಮಾತಾಡಿದ್ರಿ. ನಾನು ಒಪ್ಪಲ್ಲ," ಎಂದ.

ಎಲ್ಲಿಂದ ಧೈರ್ಯ ಬಂತೋ. ಬಹುಶಃ ಅಷ್ಟು ದೊಡ್ಡದನ್ನು ಹೇಳಿದ ಮೇಲೆ ಉಳಿದಿದ್ದೆಲ್ಲ ಚಿಕ್ಕದಾಗಿ ಕಂಡಿತೇನೋ. "ನೀವ್ ನಂಗೆ ಇಷ್ಟ ಕಣ್ರೀ. ನಿಮ್ ಮಾತು ಇಷ್ಟ ಇಲ್ಲ. ನೀವಂದ್ರೆ ಇಷ್ಟ," ಎಂದುಬಿಟ್ಟೆ.

ಚಾಪೆ ಅವನ ಕೈಯಿಂದ ಬಿಚ್ಚಿಕೊಂಡಿತು. ಕಿವಿಯ ತುದಿಯವರೆಗೆ ನಾಚಿದ. ಚಾಪೆಯನ್ನು ಮತ್ತೆ ಸುತ್ತುತ್ತ, "ನಂಗೂ ಅಷ್ಟೇ. ಬ್ಯಾಸಿಗೆಯಿಂದ," ಎಂದ. ಆಮೇಲೆ ಮೆಲ್ಲಗೆ ಕೇಳಿದ, "ಅಂಗಾದ್ರೆ... ಮದ್ವೆ ಆದ್ರೆ ಎಲ್ಲಿರೋದು? ಅಲ್ಲೋ, ಇಲ್ಲೋ?"

"ಅದುಕ್ಕೆ ಇನ್ನೊಂದ್ ಗ್ರಾಮಸಭೆ ಕರೀಬೇಕು," ಎಂದೆ.

ಅವನು ನಕ್ಕ ನಗುವಿಗೆ ಸಣ್ಣಜ್ಜನ ನಾಯಿ ಬೊಗಳಿತು. ಇನ್ನೂ ಏನೂ ತೀರ್ಮಾನವಾಗಿಲ್ಲ. ಮೊನ್ನೆ ಗುರುವಾರವೂ ಸೇತುವೆಯ ತನಕ ಜಗಳವಾಡಿದೆವು, ನರ್ಸಮ್ಮ ಕಿವಿಗೆ ಹತ್ತಿ ಇಟ್ಟುಕೊಂಡಿದ್ದರು. ಅವನು ತನ್ನ ಮಾತು ಬಿಟ್ಟುಕೊಟ್ಟಿಲ್ಲ, ನಾನೂ ಬಿಟ್ಟುಕೊಟ್ಟಿಲ್ಲ. ನನ್ನನ್ನು ಒಲಿಸಿಕೊಳ್ಳಲು ಹೌದು ಹೌದು ಅನ್ನುವ ಗಂಡು ನನಗೆ ಬೇಡ. ಅವನಿಗೋಸ್ಕರ ನಾನು ಕುಗ್ಗಲಿಲ್ಲ, ನನ್ನನ್ನು ಕುಗ್ಗಿಸಿ ಅವನು ಗೆಲ್ಲಲಿಲ್ಲ. ಇಷ್ಟನ್ನು ನಿನಗೆ ತಲೆ ಎತ್ತಿಕೊಂಡು ಬರೆಯಬೇಕೆಂದೇ ಈ ನಾಲ್ಕನೆಯ ಕಾಗದವನ್ನು ಹರಿಯದೆ ಮುಗಿಸುತ್ತಿದ್ದೇನೆ.

ತಾಹಾನ ಎರಡು ಕೆನ್ನೆಗೂ ನನ್ನ ಪರವಾಗಿ ಮುತ್ತು ಕೊಡು. ಅವನು ಕಾಡಿನ ಹೊಂಗೆಯ ಹಾಗೆ ನೆರಳಾಗಿ ಬೆಳೆಯಲಿ. ನಿಮ್ಮ ಅತ್ತೆ ಜಮೀಲುನ್ನೀಸಾ ಅವರ ಮಂಡಿನೋವಿಗೆ ಜೇನು ಕಳಿಸುತ್ತೇನೆ, ಮಾಘ ಕಳೆಯಲಿ. ನಿನ್ನ ಸಂಸಾರ ತಣ್ಣಗಿರಲಿ, ಬೇರೆ ಬೇರೆ ಗುಂಡಿ ಒತ್ತಿಕೊಂಡೇ ನೂರು ವರ್ಷ ಬಾಳಿ.

ಎಂದೆಂದೂ ನಿನ್ನವಳೇ,
ಪ್ರೇಮಾ

ತಾ.ಕ.: ಇಷ್ಟು ಬರೆದು ಅಂಟಿಸಲು ಹೊರಟವಳು ಮತ್ತೆ ತೆರೆದೆ. ನಿನಗೆ ಹೇಳದೆ ಇನ್ಯಾರಿಗೆ ಹೇಳಲಿ? ಹೋಗುವ ಮೂವತ್ತನಾಲ್ಕು ಜನರಲ್ಲಿ ನಮ್ಮವ್ವ ಚಿಕ್ಕಮಾದಿಯೂ ಒಬ್ಬಳು. ಸಾಲಿನಲ್ಲಿ ಆರನೆಯವಳಾಗಿ ಬಂದು ನನ್ನ ಮುಂದೆ ಕೂತಳು. ಕಾರ್ಯದರ್ಶಿ ನಾನೇ ಅಲ್ಲವೆ, ಅವಳ ಹೆಬ್ಬೆರಳು ಹಿಡಿದು ಶಾಯಿಗೆ ಒತ್ತಿ, "ಹೋಗುವವರು" ಅನ್ನುವ ಹಾಳೆಯ ಮೇಲೆ ಇಟ್ಟವಳೂ ನಾನೇ. "ಅಕ್ಕನ ವಿಷ್ಯ ನಿಂಗೆ ಮುಚ್ಚಿಟ್ಟೆ ಅಂತ ಸಿಟ್ಟಾ ಅವ್ವ?" ಎಂದು ಪಿಸುಗುಟ್ಟಿದೆ. "ನಂಗೆ ಅವತ್ತೇ ಗೊತ್ತಿತ್ತು ಕಣವ್ವ. ಮುತ್ತಿ ಸಾಯೋಕ್ ಮುಂಚೆ ಏಳಿದ್ಲು, ಪ್ರೇಮುನ್ನ ಬೈಬ್ಯಾಡ ಅಂತ್ಲೂ ಏಳಿದ್ಲು. ಸಿಟ್ಟಿಲ್ಲ. ನೀನ್ ಏಳಿದ್ದೆಲ್ಲ ಸರಿ. ಈ ಜಾಗದಲ್ಲಿ ನಂಗೆ ಉಸ್ರಾಡಕ್ಕೆ ಆಗಲ್ಲ, ಅಷ್ಟೇಯ," ಎಂದಳು. ನಾಲ್ಕು ವರ್ಷ, ನಿಖತ್. ಒಂದೇ ಒಲೆಯ ಮುಂದೆ ಕೂತು ನಾಲ್ಕು ವರ್ಷ ಉಂಡಿದ್ದೇವೆ, ಒಂದು ಸಲವೂ ಬಾಯಿ ಬಿಡಲಿಲ್ಲ. ಬರುವ ಗುರುವಾರ ರಮೇಶನ ವ್ಯಾನಿನಲ್ಲಿ ಚಿಕ್ಕವ್ವನ ಮನೆಗೆ ಹೋಗುತ್ತಾಳೆ. ಏಳುವ ಮುಂಚೆ, ಓದು ಬಾರದ ನಮ್ಮವ್ವ, ಇನ್ನೊಂದು ಹಾಳೆಯಲ್ಲಿ, ಉಳಿಯುವವರ ಸಾಲಿನಲ್ಲಿ, ನನ್ನ ಹೆಸರು ಯಾವುದೆಂದು ಕೇಳಿದಳು. ತೋರಿಸಿದೆ. ತುಂಬ ಹೊತ್ತು ನೋಡಿ, "ದುಂಡುಗೆ ಬರ್ದಿದೀಯ," ಎಂದು ಸೆರಗಿನಲ್ಲಿ ಹೆಬ್ಬೆರಳು ಒರೆಸಿಕೊಂಡು ಎದ್ದು ಹೋದಳು.